ಹನ್ನೆರಡರ ಕೆಳಗಿನ ಹದಿಮೂರು

ಮೊನ್ನೆ ದೂಳುಗಾಳಿ ಎದ್ದಾಗ ಖೈತಾನಿನ ನಮ್ಮ ಫ್ಲ್ಯಾಟಿನ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದೆವು. ಆದರೂ ಏಸಿಯ ಬಾಯಿಂದ ಆ ವಾಸನೆ ಒಳಗೆ ಬಂತು. ಹಳೆಯ ಸುಣ್ಣದ ಗೋಡೆ ಕೆರೆದಾಗ ಬರುವಂಥ ಒಣ ವಾಸನೆ, ಗಂಟಲಿನ ತಳಕ್ಕೆ ಹೋಗಿ ಕೂರುತ್ತದೆ. ಇಪ್ಪತ್ತು ವರ್ಷ ಮೀರಿತು ಈ ಗಲ್ಫ್ ದೇಶಕ್ಕೆ ಬಂದು, ನನಗಿದು ಹೊಸದಲ್ಲ. ಆದರೆ ಈಚಿನ ಮೂರು ವರ್ಷದಿಂದ ಈ ವಾಸನೆ ಬಂದರೆ ಕೈ ತಾನಾಗಿ ಸೊಂಟಕ್ಕೆ ಹೋಗಿ ವಾಕಿಟಾಕಿ ಹುಡುಕುತ್ತದೆ...

ನಾನು ಗ್ರೇಡರ್ ಓಡಿಸುವವನು. ಉದ್ದ ಬ್ಲೇಡಿನಿಂದ ನೆಲ ಕೆತ್ತಿ ಮಟ್ಟ ಮಾಡುವ ಯಂತ್ರ ಅದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರ್ಕಳದ ಕಲ್ಲುಕೋರೆಯಲ್ಲಿ ಮೆಷಿನ್ ಕಲಿತೆ. ನನ್ನ ಬ್ಲೇಡ್ ಹೋದ ನೆಲದ ಮೇಲೆ ಗೋಲಿ ಇಟ್ಟರೆ ಉರುಳುವುದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ... ಜಂಬಕ್ಕೇ ಅಂದುಕೊಂಡರೂ ಅಡ್ಡಿಯಿಲ್ಲ.

ಮೂರು ವರ್ಷದ ಹಿಂದೆ ಸಾಲ್ಮಿ ರಸ್ತೆಯ ಆಚೆ ದೊಡ್ಡ ಬಯಲೊಂದನ್ನು ಮಟ್ಟ ಮಾಡುವ ಕೆಲಸವಿತ್ತು. ಅದರ ಮೇಲ್ವಿಚಾರಣೆಗೆ ಅಮೆರಿಕದ ಒಬ್ಬ ಮುದುಕರು ಬಂದರು. ಎಲ್ಲರೂ ಅವರನ್ನು ಬಾಸ್ ಅನ್ನುತ್ತಿದ್ದರು, ನಾನೂ. ಬಂದ ದಿನವೇ ನನ್ನ ಯಂತ್ರ ಹತ್ತಿ, ಬ್ಲೇಡಿನ ಅಂಚಿಗೆ ಹೆಬ್ಬೆರಳು ಸವರಿ, "ಇದನ್ನು ನೋಡಿಕೊಳ್ಳುವವನು ಯಾರು?" ಎಂದರು. ನಾನೆಂದೆ. ತಲೆಯಾಡಿಸಿದರು. ಆಮೇಲೆ ಗೊತ್ತಾಯಿತು, ಅವರೂ ಮೂವತ್ತು ವರ್ಷ ತಮ್ಮೂರಿನ ಗ್ರೇಡರ್ ಓಡಿಸಿದವರು.

ಊಟದ ಹೊತ್ತಿಗೆ ಆ ಊರಿನ ಕತೆ ಹೇಳುತ್ತಿದ್ದರು. ಊರೆಂದರೆ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಚೌಕ. ಅದರೊಳಗೆ ಮೈಲಿಗೊಂದರಂತೆ ಮೂವತ್ತಾರು ಚೌಕಗಳು, ನಡುವೆ ನೂಲು ಹಿಡಿದಂಥ ಮಣ್ಣುರಸ್ತೆಗಳು. ಗುಡ್ಡವಿಲ್ಲ, ಒಂದು ತೊರೆ, ಉಳಿದಿದ್ದೆಲ್ಲ ಗೋಧಿ. ಮೊದಲು ಅಲ್ಲಿದ್ದ ಮೂಲದ ಜನರನ್ನು ಓಡಿಸಿ, ಸರ್ಕಾರ ಹಗ್ಗ ಹಿಡಿದು ನೆಲ ಅಳೆದು ಹೊರಗಿಂದ ಬಂದವರಿಗೆ ಹಂಚಿತಂತೆ. ಅದನ್ನು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ನಾರ್ವೆಯಿಂದ ಬಂದ ಅವರ ಮುತ್ತಜ್ಜ ಮೊದಲ ಚಳಿಗಾಲವನ್ನು ನೆಲದೊಳಗಿನ ಗುಂಡಿಯಲ್ಲಿ ಕಳೆದಿದ್ದರಂತೆ. ರೈಲು ಬಂತು, ಶಾಲೆ ಬಂತು, ಮತ್ತೆ ಎರಡೂ ಹೋದವು. ಉಳಿದದ್ದು ಒಂದು ಮರದ ಸಭಾಮನೆ. ಪ್ರತಿ ಮಾರ್ಚ್‌ನಲ್ಲಿ ಊರಿನವರೆಲ್ಲ ಅಲ್ಲಿ ಸೇರಿ, ಯಾವ ರಸ್ತೆಗೆ ಜಲ್ಲಿ ಹಾಕಬೇಕೆಂದು ಕೈ ಎತ್ತಿ ತೀರ್ಮಾನಿಸುತ್ತಿದ್ದರು.

"ಜಲ್ಲಿಗೂ ಓಟಾ ಮಾರಾಯ್ರೇ?" ಎಂದು ನಮ್ಮ ಫೋರ್‌ಮನ್ ನಗುತ್ತಿದ್ದ. ಬಂಟ್ವಾಳದ ಬ್ಯಾರಿ ಅವನು. "ನಮ್ಮಲ್ಲಿ ಓಟಿಗೆ ಜಲ್ಲಿ ಹಾಕ್ತಾರೆ."

ಬಾಸ್ ನಮ್ಮ ಬಯಲನ್ನೂ ತಮ್ಮ ಊರಿನ ಲೆಕ್ಕದಲ್ಲೇ ಮೂವತ್ತಾರು ಚೌಕ ಮಾಡಿದರು. ಚೌಕಕ್ಕೆ ಅರ್ಧ ಕಿಲೋಮೀಟರ್, ಮೂಲೆಗೊಂದು ಖಾಲಿ ಡ್ರಮ್. ನಂಬರು ಇದ್ದದ್ದು ಅವರ ಕ್ಯಾಬಿನ್ನಿನ ಗೋಡೆಯ ಕಾಗದದಲ್ಲಿ ಮಾತ್ರ. ಮೊದಲ ದಿನ ಪೆನ್ಸಿಲ್ ಓಡಿಸಿ ಇಂಗ್ಲಿಷಿನಲ್ಲಿ ವಿವರಿಸಿದರು. ನನಗೆ ಅರ್ಧ ಹಿಡಿಯಿತು. "ಓಕೆ ಬಾಸ್" ಎಂದೆ. ಫೋರ್‌ಮನ್ ಡ್ರಮ್ಮಿಗೆ ನಂಬರ್ ಬರೆಸೋಣ ಎಂದಾಗ, "ಬೇಡ, ನನ್ನ ತಲೆಯಲ್ಲುಂಟು" ಎಂದವನೂ ನಾನೇ.

ತಲೆಯಲ್ಲಿ ಇದ್ದದ್ದು ಪುಸ್ತಕದ ಸಾಲು. ಎಡದಿಂದ ಬಲಕ್ಕೆ ಒಂದರಿಂದ ಆರು, ಮತ್ತೆ ಎಡದಿಂದ ಏಳು. ಮೇಲಿನ ಸಾಲನ್ನು ಬೇರೆ ಕಂಪನಿ ಮುಗಿಸಿತ್ತು. ನಮ್ಮದು ಎರಡನೇ ಸಾಲಿನಿಂದ ಶುರು, ಏಳರಿಂದ ಹನ್ನೆರಡು. ಬಾಸ್ ಯಾವ ನಂಬರ್ ಹೇಳಿದರೂ ನಾನು ಸರಿಯಾಗಿಯೇ ಹೋಗಿ ನಿಲ್ಲುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ.

ಜುಲೈಯ ಒಂದು ಮಧ್ಯಾಹ್ನ ಹನ್ನೆರಡನ್ನು ಮುಗಿಸಿ ಗ್ರೇಡರನ್ನು ಗೇಟಿಗೆ ತಂದಿದ್ದೆ. ಫೋರ್‌ಮನ್ ಪಿಕಪ್ ತೆಗೆದುಕೊಂಡು ಊಟ ತರಲು ಹೋಗಿದ್ದ. ಬಾಸ್ ಮುಂದಿನ ಚೌಕದ ಗೂಟ ನೋಡಿ ಬರುತ್ತೇನೆಂದು ಒಬ್ಬರೇ ನಡೆದಿದ್ದರು, ಯಾವ ಕಡೆಗೆಂದು ನಾನು ನೋಡಿರಲಿಲ್ಲ. ಆಕಾಶದ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ನೋಡುತ್ತಿದ್ದಂತೆ ಗೋಡೆಯ ಹಾಗೆ ದೂಳು ಬಂದು ಬಿತ್ತು. ಕೈ ಚಾಚಿದರೆ ಬೆರಳು ಕಾಣದು.

ವಾಕಿಟಾಕಿ ಗರಗರ ಎಂದಿತು. "ಹದಿಮೂರರಲ್ಲಿದ್ದೇನೆ. ಡ್ರಮ್ಮಿನ ಪಕ್ಕ ಕೂತಿದ್ದೇನೆ. ನೀರು ಖಾಲಿ."

ಹಿಮಗಾಳಿಯಲ್ಲಿ ಸಿಕ್ಕಿದವನು ಜಾಗ ಬಿಟ್ಟು ಕದಲಬಾರದೆಂದು ಅವರ ಊರಿನ ನಿಯಮ. ಅವರು ಕದಲುವವರಲ್ಲ, ನಾನೇ ಮುಟ್ಟಬೇಕು.

"ಬಂದೆ ಬಾಸ್!" ಎಂದು ಹೊರಟೆ. ಎಡಕ್ಕೆ.

ಬ್ಲೇಡ್ ಎತ್ತಿ, ಆಮೆಯ ಹಾಗೆ, ಒಂದೊಂದೇ ಡ್ರಮ್ಮನ್ನು ಹುಡುಕಿಕೊಂಡು ಹೋದೆ. ಮೂರನೇ ಸಾಲಿನ ಎಡತುದಿ. ಡ್ರಮ್ ಇತ್ತು. ಅವರಿರಲಿಲ್ಲ. ಹಾರ್ನ್ ಒತ್ತಿದೆ, ಇಳಿದು ಕೂಗಿದೆ. ಬಾಯಿ ತುಂಬ ಮರಳು. ಚೌಕದ ನಾಲ್ಕೂ ಮೂಲೆ ಸುತ್ತಿದೆ. ಮುದುಕರೇ ತಪ್ಪು ನಂಬರ್ ಹೇಳಿದರು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ವಾಕಿಟಾಕಿಯಲ್ಲಿ ಅವರ ಉಸಿರು ಭಾರವಾಗುತ್ತಿತ್ತು. "ಬಂದೆ ಬಾಸ್, ಹತ್ತಿರ ಇದ್ದೇನೆ" ಎನ್ನುತ್ತಲೇ ಇದ್ದೆ. ನಲವತ್ತು ನಿಮಿಷ. ಕೇಳುವುದಕ್ಕೆ ಇದ್ದದ್ದು ಒಂದೇ ಒಂದು ಪ್ರಶ್ನೆ, ಅದು ನನ್ನ ನಾಲಿಗೆಯಿಂದ ಹೊರಡಲಿಲ್ಲ.

ಕೊನೆಗೆ ಫೋರ್‌ಮನ್ನನ ದನಿ ಬಂತು, ಹೆದ್ದಾರಿಯಲ್ಲಿ ಸಿಕ್ಕಿಕೊಂಡಿದ್ದ. "ನೀನು ಎಲ್ಲಿ ಸಾಯ್ತಾ ಇದ್ದಿ ಮಾರಾಯ? ಗೊತ್ತಿಲ್ಲದಿದ್ರೆ ಕೇಳು, ಮಾನ ಹೋಗುದಿಲ್ಲ. ಆ ಜನದ ಜೀವ ಹೋಗ್ತದೆ!"

ಕೇಳಿದೆ. "ಬಾಸ್... ಹದಿಮೂರು ಎಲ್ಲಿ?"

ಗರಗರದ ನಡುವೆ ಉತ್ತರ ತುಂಡು ತುಂಡಾಗಿ ಬಂತು. "ಹನ್ನೆರಡರ ಕೆಳಗೆ. ನೀನು ಕೆತ್ತುವುದು ಹೇಗೆ? ತುದಿ ಮುಟ್ಟಿದರೆ ಯಂತ್ರ ತಿರುಗಿಸಿ ಅಲ್ಲಿಂದಲೇ ವಾಪಸ್ ಕೆತ್ತುತ್ತೀಯಲ್ಲ..."

ಅಷ್ಟೇ. ಒಂದು ಸಾಲು ಹೋಗುತ್ತದೆ, ಮುಂದಿನದು ಅಲ್ಲಿಂದಲೇ ಹಿಂದಕ್ಕೆ ಬರುತ್ತದೆ. ಅವರ ಒಂದನೇ ನಂಬರ್ ಶುರುವಾಗುವುದೇ ಬಲತುದಿಯಿಂದ, ಅದಕ್ಕೇ ಎರಡನೇ ಸಾಲು ನನ್ನ ಲೆಕ್ಕಕ್ಕೂ ಹೊಂದಿತ್ತು. ದಿನವೂ ನನ್ನ ಕೈ ಮಾಡುವ ಕೆಲಸ ನನ್ನ ತಲೆಗೆ ಗೊತ್ತಿರಲಿಲ್ಲ. ಹದಿಮೂರು ಇದ್ದದ್ದು ಬಲತುದಿಯಲ್ಲಿ, ಬೆಳಿಗ್ಗೆ ನಾನು ಕೆಲಸ ಮುಗಿಸಿದ ಜಾಗದ ಮಗ್ಗುಲಲ್ಲೇ. ಎರಡೂವರೆ ಕಿಲೋಮೀಟರ್ ತೆವಳುವುದಕ್ಕೆ ಮತ್ತೆ ಅರ್ಧ ಗಂಟೆ. ಅವರು ಅಂಗಿಯನ್ನು ಮುಖಕ್ಕೆ ಸುತ್ತಿಕೊಂಡು ಡ್ರಮ್ಮಿಗೆ ಒರಗಿದ್ದರು. ಮೈ ಕೆಂಡ, ಬೆವರೇ ಇಲ್ಲ. ಹೆಗಲಿಗೆ ಹಾಕಿಕೊಂಡು ಯಂತ್ರ ಹತ್ತಿದೆ.

ಬದುಕಿದರು. ಹನ್ನೊಂದು ದಿನ ಜಾಬ್ರಿಯಾದ ಆಸ್ಪತ್ರೆಯಲ್ಲಿದ್ದರು. ನನ್ನ ಹೆಂಡತಿ ಅಲ್ಲೇ ನರ್ಸ್. ಕಿಡ್ನಿ ಮೊದಲಿನ ಹಾಗೆ ಆಗುವುದಿಲ್ಲ ಎಂದು ಅವಳು ನನಗೆ ಮೆಲ್ಲಗೆ ಹೇಳಿದಳು. ನೋಡಲು ಹೋದರೆ ಮುದುಕರು ನನ್ನ ಕೈ ಹಿಡಿದುಕೊಂಡರು. ವಾಕಿಟಾಕಿಯಲ್ಲಿ ಮಾತಾಡಿದ್ದು ಅವರಿಗೆ ನೆನಪೇ ಇರಲಿಲ್ಲ.

"ನಿಧಾನವಾಗಿ ಬಂದೆಯಲ್ಲ, ಅದೇ ಸರಿ" ಎಂದರು. "ಅವಸರ ಮಾಡಿದ್ದರೆ ನನ್ನನ್ನೂ ಮಟ್ಟ ಮಾಡಿಬಿಡುತ್ತಿದ್ದೆ." ನಕ್ಕರು, ಕೆಮ್ಮಿದರು.

ನಾನು ಅವರ ಹೊದಿಕೆ ಸರಿಮಾಡಿ ಹೊರಗೆ ಬಂದೆ.

"ತಪ್ಪು ಜಾಗಕ್ಕೆ ಹೋದದ್ದು ಹೇಳಿದೆಯಾ?" ಎಂದ ಫೋರ್‌ಮನ್, ಹೊರಗೆ.

"ನಾಳೆ ಹೇಳ್ತೇನೆ."

ಮರುದಿನ ಗಾಲಿಕುರ್ಚಿಯಲ್ಲಿ ಕೂರಿಸಿ ಅವರನ್ನು ವಿಮಾನ ಹತ್ತಿಸಿದರು.

ಈ ವಾರ ಫೋರ್‌ಮನ್ ಒಂದು ಮೇಲ್ ಕಳಿಸಿದ. ಅವರ ಊರಿನ ಗುಮಾಸ್ತೆ ಕಂಪನಿಗೆ ಬರೆದದ್ದು. ಮಗಳು ಓದಿ ಹೇಳಿದಳು. ಈ ಚಳಿಗಾಲ ಅವರು ತೀರಿಕೊಂಡರು, ಕಿಡ್ನಿಯಿಂದಲೇ. ಅದಕ್ಕೆ ಮುಂಚಿನ ಮಾರ್ಚ್ ಸಭೆಯಲ್ಲಿ ಎದ್ದು ನಿಂತು ನನ್ನ ಕತೆ ಹೇಳಿದ್ದರಂತೆ, ದೂಳಿನಲ್ಲಿ ದಾರಿ ತಪ್ಪದೆ ತಮ್ಮನ್ನು ಮುಟ್ಟಿದ ಗ್ರೇಡರಿನವನ ಕತೆ. ಊರಿನವರೆಲ್ಲ ಕೈ ಎತ್ತಿ ನನಗೆ ವಂದನೆ ಸಲ್ಲಿಸಿ, ಸಭೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಈಗ ಊರಿನ ಚರಿತ್ರೆಯನ್ನು ಅಚ್ಚು ಹಾಕಿಸುತ್ತಿದ್ದಾರೆ, ಅದರಲ್ಲಿ ಸೇರಿಸಲು ನನ್ನ ಒಂದು ಫೋಟೋ, ನನ್ನ ಎರಡು ಮಾತು ಬೇಕಂತೆ.

ಮೂರು ದಿನ ಆ ಮೇಲ್ ಹಾಗೇ ಇತ್ತು. ಮೂರನೇ ದಿನವೇ ಮೊನ್ನೆಯ ಗಾಳಿ ಎದ್ದದ್ದು. ಮಗಳು ಲ್ಯಾಪ್‌ಟಾಪ್ ತೆಗೆದು, "ಪಪ್ಪಾ, ವಾಟ್ ಶುಡ್ ಐ ಟೈಪ್?" ಎಂದಳು.

ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಹೇಳಬೇಕಾದ ಮನುಷ್ಯ ಇಲ್ಲ. ಇನ್ನು ಅವರ ಊರಿಗಾದರೂ ಹೇಳಬೇಕು.

"ಬರಿ ಮಗಾ" ಎಂದೆ. "ಮೊದಲ ನಲವತ್ತು ನಿಮಿಷ ನಾನು ತಪ್ಪು ಜಾಗದಲ್ಲಿದ್ದೆ. ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಹಾಗೇ ಬರಿ."

ಅವಳ ಬೆರಳು ನಿಂತಿತು. ನನ್ನ ಮುಖ ನೋಡಿದಳು. "ಆರ್ ಯೂ ಶೂರ್, ಪಪ್ಪಾ?"

"ಬರಿ."