ಹ್ಯಾನಾಳ ತಟ್ಟೆ, ನನ್ನ ಡಬ್ಬಿ

ಅಮೆರಿಕದಲ್ಲಿ ಮಗಳಿರುವ ಏಪೆಕ್ಸ್ ಊರಿನಿಂದ ಒಂದು ಗಂಟೆ ದೂರದ ಕೋರ್ಟಿನಲ್ಲಿ ಹಳೆಯ ದಾಖಲೆಗಳ ಕೊಠಡಿ. ಒಳಗೆ ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ನನ್ನ ಮಗಳು ಮೇಘನಾಳ ಪಕ್ಕದ ಮನೆಯ ಕ್ಯಾರಲ್ ಇಲ್ಲಿ ತಮ್ಮ ವಂಶದ ಹ್ಯಾನಾಳನ್ನು ಹುಡುಕುತ್ತಿದ್ದಾರೆ. ಅಮೆರಿಕ ಇನ್ನೂ ಬ್ರಿಟಿಷರ ಕೈಲಿದ್ದಾಗ ಬದುಕಿದ್ದ ಹೆಂಗಸು. ಕಾಗದಗಳಲ್ಲೆಲ್ಲ ಬರೀ 'ಇಂಥವನ ಹೆಂಡತಿ ಹ್ಯಾನಾ' ಎಂದಷ್ಟೇ ಇದೆ.

"ಅವಳ ತವರುಮನೆ ಯಾವ್ದು ಅಂತ ಮೂರು ವರ್ಷದಿಂದ ಸರ್ಚ್ ಮಾಡ್ತಿದಾರಮ್ಮ," ಎಂದಳು ಮೇಘನಾ.

"ಮದುವೇಲಿ ಪಾತ್ರೆ ಕೊಟ್ಟಿರ್ತಾರಲ್ಲ, ಅದರ ಮೇಲೆ ಹೆಸರು ಹಾಕ್ಸಿರಲ್ವಾ? ಕೇಳು."

ಮೇಘನಾ ಮುಜುಗರದಿಂದಲೇ ಕೇಳಿದಳು. ಕ್ಯಾರಲ್ ಪೆನ್ಸಿಲ್ ಕೆಳಗಿಟ್ಟು ಹೊರಗೋಡಿ ಗಂಡನಿಗೆ ವಿಡಿಯೋ ಕಾಲ್ ಮಾಡಿದರು. ಅವರ ಅಡುಗೆಮನೆಯಲ್ಲಿ ಹೂಕುಂಡದ ಕೆಳಗೆ ಹ್ಯಾನಾಳದೆಂದು ಮನೆಯವರು ಹೇಳುತ್ತಾ ಬಂದ ಲೋಹದ ತಟ್ಟೆಯಿತ್ತು. ಆತ ತಿರುಗಿಸಿ ಒರೆಸಿದಾಗ ಎರಡು ಅಕ್ಷರ ಕಂಡವು: ಎಚ್, ಡಬ್ಲ್ಯೂ. ಹ್ಯಾನಾಳ ಗಂಡನ ಮನೆತನದ ಹೆಸರು ಡಬ್ಲ್ಯೂನಿಂದ ಶುರುವಾಗುವುದಿಲ್ಲ; ಅಂದರೆ ಅದು ತವರಿನದೇ. ಕ್ಯಾರಲ್ ನನ್ನನ್ನು ತಬ್ಬಿಕೊಂಡರು.

ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಚಿತ್ರಾನ್ನ ತಿನ್ನುವಾಗ, ನನ್ನ ಸ್ಟೀಲ್ ಡಬ್ಬಿಯ ಮೇಲಿನ ಹೆಸರನ್ನೂ ನೋಡಬೇಕೆಂದರು ಕ್ಯಾರಲ್. ಹೆಮ್ಮೆಯಿಂದಲೇ ಎತ್ತಿ ತೋರಿಸಿದೆ. ತಳದಲ್ಲಿ 'ಸರೋಜಮ್ಮ' ಎಂದಿತ್ತು.

"ನಿನ್ನ ಅಜ್ಜಿ ಹೆಸರಾ ಅಂತ ಕೇಳ್ತಿದಾರೆ," ಎಂದಳು ಮೇಘನಾ.

"ಅಲ್ಲ ಕಣೇ, ಮೈಸೂರಲ್ಲಿ ನಮ್ಮ ಎದುರು ಮನೆಯವರು. ಉಪ್ಪಿನಕಾಯಿ ಹಾಕಿ ಕೊಟ್ಟಿದ್ರು, ಡಬ್ಬಿ ವಾಪಸ್ ಕೊಡೋಕೆ ಮರೆತೆ."

ಮೇಘನಾ ಅದನ್ನು ಕ್ಯಾರಲ್‌ಗೆ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದೆ.

"ಈಗಲೇ ಹೇಳ್ಬೇಡ. ಪಾಪ, ಊಟ ಮುಗೀಲಿ."