ಕೆಂಪು ರೇಷ್ಮೆಯ ಗಂಟು

ಹುನಗುಂದದಲ್ಲಿ ಅತ್ತೆ, ಅಂದರೆ ಅಪ್ಪನ ಅಕ್ಕ, ಹಳೆಯ ಸೀರೆಯ ಸುತ್ತು ಬಿಚ್ಚಿದ್ದೇ ತಡ, ಜೇನುಮೇಣದ ವಾಸನೆ ಬಂತು. ಒಳಗಿದ್ದದ್ದು ಅಜ್ಜನ ಬಿದಿರಿನ ಬಿಲ್ಲು, ಜೊತೆಗೊಂದು ಬಾಣ. ಇಳಕಲ್ಲಿನ ಅಜ್ಜನ ಮನೆ ಈಗಿಲ್ಲ. ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿ ಮುಚ್ಚಿ ಅದರ ಮೇಲೆ ಯಾರೋ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಆದರೂ ಈ ವಾಸನೆಯ ಬೆನ್ನು ಹತ್ತಿದರೆ ನಾನು ಸೀದಾ ಆ ಹಿತ್ತಲಿಗೇ ಹೋಗಿ ನಿಲ್ಲುತ್ತೇನೆ.

ಅಜ್ಜ ನೇಕಾರ. ದಿನವಿಡೀ ಕುಣಿಯಲ್ಲಿ ಬಗ್ಗಿ ಕೂತವನಿಗೆ ಸಂಜೆ ಬಿಲ್ಲು ಹಿಡಿದು ನೆಟ್ಟಗೆ ನಿಲ್ಲುವುದೇ ಒಂದು ಸುಖ. ಪುಂಡಿ ಗಿಡದ ನಾರನ್ನು ತೊಡೆಯ ಮೇಲೆ ಹೊಸೆದು, ಮೇಣ ತಿಕ್ಕಿ, ಹೆದೆಯನ್ನು ತಾನೇ ಮಾಡುತ್ತಿದ್ದ. ಬಿಲ್ಲಿನ ಕೆಳತುದಿಯನ್ನು ಪಾದಕ್ಕೆ ಒತ್ತಿ ಬಗ್ಗಿಸಿ, ಮೇಲಿನ ಕುಣಿಕೆ ಏರಿಸಿ, ಹಿಡಿಕೆಗೂ ಹೆದೆಗೂ ನಡುವೆ ಮುಷ್ಟಿಯಿಟ್ಟು ಹೆಬ್ಬೆರಳೆತ್ತಿ ಅಂತರ ನೋಡುತ್ತಿದ್ದ. ಕಣ್ಣಿಗೆ ಪೊರೆ ಬಂದು ಎಳೆ ಕಾಣದಾದಾಗ ಮಗ್ಗ ಬಿಟ್ಟ. ಉಳಿದದ್ದು ಬಿಲ್ಲೊಂದೇ. ಬಾಣ ಕೂಡಿಸುವ ಜಾಗವೂ ಕಾಣದಾದಾಗ ಅತ್ತೆ, ಸೆರಗಿಗೆ ನೇಯುವ ಕೆಂಪು ರೇಷ್ಮೆಯನ್ನು ಹೆದೆಗೆ ಬಿಗಿಯಾಗಿ ಸುತ್ತಿ, ಬೆರಳಿಗೆ ಸಿಗುವಂತೆ ಗಂಟು ಹಾಕಿಕೊಟ್ಟಳು. ಅದರ ಕೆಳಗೆ ಬಾಣದ ಬುಡ ಕೂಡಬೇಕು, ಹಿಡಿಕೆಗಿಂತ ಜೋಳದ ಕಾಳಿನಷ್ಟೇ ಮೇಲೆ. "ಕಣ್ಣ ಹೋದ್ರ ಏನಾತು, ಬೆರಳ ಅದಾವಲ್ಲ" ಎಂದು ಅಜ್ಜ ನಕ್ಕ.

ಹಿತ್ತಲ ಗೋಡೆಗೆ ಹುಲ್ಲು ತುಂಬಿದ ಗೋಣಿಚೀಲ ಒರಗಿಸಿ, ಅಜ್ಜನನ್ನು ಅದರ ಕಡೆ ತಿರುಗಿಸಿ ನಿಲ್ಲಿಸುವುದು ನನ್ನ ಕೆಲಸ. ಬಾಣ ಬಿಟ್ಟು "ಬಡೀತೇನವ್ವಾ?" ಎನ್ನುತ್ತಿದ್ದ. ಮೊದಮೊದಲು ಖರೇನೇ ಚೀಲಕ್ಕೆ ಬಡಿಯುತ್ತಿತ್ತು. ಬರುಬರುತ್ತಾ ಬಾಣ ಕಲ್ಲಿನ ಗೋಡೆಗೆ ತಾಗಿ ಬೀಳತೊಡಗಿತು. ನಿಜ ಹೇಳಿದರೆ ಮಗ್ಗದಂತೆ ಬಿಲ್ಲನ್ನೂ ಬಿಟ್ಟುಬಿಡುತ್ತಾನೆಂದು ನನಗೆ ಜೀವ ಹಾರಿಹೋಗುತ್ತಿತ್ತು. "ಬಡೀತಜ್ಜಾ, ನಟ್ಟನಡು!" ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದೆ. ಅಜ್ಜ ಮೀಸೆಯಲ್ಲೇ ನಗುತ್ತಿದ್ದ. ಅವನು ಹಾಸಿಗೆ ಹಿಡಿಯುವ ತನಕ ದಿನಾ ಸಂಜೆ ಇದೇ ಸುಳ್ಳು. ಅಜ್ಜನಿಗೆ ಮೋಸ ಮಾಡಿದೆನೆಂಬ ಕೊರಗು ಇಷ್ಟು ವರ್ಷ ನನ್ನನ್ನು ಬಿಟ್ಟಿರಲಿಲ್ಲ.

ಸೀರೆಯ ಸುತ್ತು ಬಿಚ್ಚಿದ ಆ ದಿನ ಅತ್ತೆಯ ಮುಂದೆ ಒಪ್ಪಿಕೊಂಡೆ. ಆಕೆ ಹಣೆ ಚಚ್ಚಿಕೊಂಡಳು. "ಹುಚ್ಚಿ, ನಮ್ಮಪ್ಪಗ ಗೊತ್ತಿರಲಿಲ್ಲೇನ? ಚೀಲಕ್ಕ ಹೊಕ್ಕ ಸಪ್ಪಳಾನ ಬ್ಯಾರೆ, ಕಲ್ಲಿಗಿ ಬಡದ ಸಪ್ಪಳಾನ ಬ್ಯಾರೆ. 'ಆಕಿ ಒದರೂದು ಕೇಳಾಕರ ಒಂದ್ ಬಾಣ ಬಿಡ್ತೇನಿ' ಅಂತಿದ್ದ."

ಬಿಲ್ಲನ್ನು ಕೈಗೆತ್ತಿಕೊಂಡೆ. ಹಳೆಯ ಹೆದೆ ಮುಟ್ಟಿದರೆ ಉದುರುತ್ತಿತ್ತು. ಪೇಟೆಯಿಂದ ಹುರಿ ತಂದು, ಮೇಣ ತಿಕ್ಕಿ ಏರಿಸಿದೆ. ಅತ್ತೆ ತನ್ನ ಹಳೆಯ ಸೆರಗಿನಿಂದ ಕೆಂಪು ಎಳೆ ಹಿರಿದು, ಸೊಟ್ಟಗಾದ ಬೆರಳುಗಳಲ್ಲೇ ಗಂಟು ಹಾಕಿದಳು. ಅತ್ತೆಯ ಹಿತ್ತಲ ಕಲ್ಲುಗೋಡೆಗೆ ಚೀಲ ಒರಗಿಸಿ, ಕಣ್ಣು ಮುಚ್ಚಿ, ಬೆರಳಿನಿಂದ ಗಂಟು ಹುಡುಕಿ ಬಾಣ ಕೂಡಿಸಿದೆ. ಬಿದಿರು ಮುರಿದೀತೆಂದು ಅರ್ಧವೇ ಎಳೆದು ಬಿಟ್ಟೆ.

"ಬಡೀತವ್ವಾ, ನಟ್ಟನಡು!" ಅತ್ತೆ ಕಟ್ಟೆಯ ಮೇಲಿಂದ ಒದರಿದಳು.

ಬಾಣ ಕಲ್ಲಿಗೆ ತಾಗಿದ ಸದ್ದು ನನಗೆ ಕೇಳಿಸಿತ್ತು. ಕಣ್ಣು ತೆರೆಯಲು ಮನಸ್ಸಾಗಲಿಲ್ಲ.