ಕೊರಳಿಗೆ ಕಟ್ಟಿದ ಮೀನು

ಉಪ್ಪುಮೀನಿನ ಆ ಶೆಡ್ಡಿನಲ್ಲಿ ಯಜಮಾನನ ಮಾತಿಗಾದರೂ ಎದುರು ಮಾತಿತ್ತು, ಮೂಗಿನಕ್ಕನ ಮಾತಿಗೆ ಇರಲಿಲ್ಲ. ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಮೂವತ್ತೊಂದು ವರ್ಷ ಕೂತವಳು ಅವಳು. ಹೆಂಗಸರು ಸೀಳಿ, ಉಪ್ಪು ತುಂಬಿ, ಬಿಸಿಲಿಗೆ ಒಣಗಿಸಿ ತಂದ ಮೀನನ್ನು ಒಂದೊಂದಾಗಿ ಎತ್ತಿ, ಬೆನ್ನುಮೂಳೆಯ ಪಕ್ಕ ಹೆಬ್ಬೆರಳಿಂದ ಒತ್ತಿ, ಅಲ್ಲೇ ಮೂಗಿಟ್ಟು ಒಮ್ಮೆ ಉಸಿರೆಳೆಯುತ್ತಿದ್ದಳು. ಮೀನು ಕೆಡುವುದು ಮೂಳೆಯಿಂದ. ಉಪ್ಪು ಅಲ್ಲಿಯವರೆಗೆ ಇಳಿಯದಿದ್ದರೆ ಮೇಲೆಷ್ಟು ಬೆಳ್ಳಗಿದ್ದರೂ ಒಳಗೆ ಕೊಳೆತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಅಲ್ಲಿನ ಮೀನು ಮೂರು ದೇಶಗಳ ಅಡುಗೆಮನೆಗೆ ಹೋಗುತ್ತಿತ್ತು. ಒಂದು ಕಡೆಯವರು ಎರಡು ದಿನ ನೀರಲ್ಲಿ ನೆನೆಸಿ ಹಾಲಿನಲ್ಲಿ ಬೇಯಿಸುತ್ತಾರಂತೆ, ಅವರಿಗೆ ವಾಸನೆಯೇ ಇರಕೂಡದು. ಇನ್ನೊಂದು ಕಡೆಯವರು ಕೆಂಡದ ಮೇಲೆ ಸುಟ್ಟು ಅನ್ನಕ್ಕೆ ನಂಚಿಕೊಳ್ಳುತ್ತಾರೆ, ಅವರಿಗೆ ಸ್ವಲ್ಪ ಘಾಟು ಬೇಕು. ಮೂರನೆಯವರು ಕುಟ್ಟಿ ಪುಡಿ ಮಾಡಿ ಸಾರಿಗೆ ಉದುರಿಸುವವರು. ಇಲ್ಲಿ ಮೂಗು ಮುಚ್ಚಿಕೊಂಡು ಕಟ್ಟಿದ ಮೂಟೆಯನ್ನು ಅವರು ಬಾಯಿ ಚಪ್ಪರಿಸಿಕೊಂಡು ಬಿಚ್ಚುತ್ತಾರೆ. ಯಾವ ಮೀನು ಯಾರಿಗೆ ಎಂದು ವಿಂಗಡಿಸುವುದೂ ಅವಳೇ. "ನಾಲಿಗೆ ಅವರವರದು, ಮೂಗು ನಂದು" ಎನ್ನುತ್ತಿದ್ದಳು.

ಮೂಗು ಚುರುಕು, ಮನಸ್ಸು ಕಲ್ಲು. ಕೆಟ್ಟ ಮೀನು ಸಿಕ್ಕಿದರೆ ಅದಕ್ಕೆ ಉಪ್ಪು ತುಂಬಿದವಳ ಕೊರಳಿಗೇ ಹುರಿಯಲ್ಲಿ ಕಟ್ಟಿಸುತ್ತಿದ್ದಳು. ಸಂಜೆಯವರೆಗೆ ಬಿಚ್ಚುವಂತಿಲ್ಲ. ಯಜಮಾನ ಹೇಳಿಕೊಟ್ಟ ಶಿಕ್ಷೆಯಲ್ಲ ಇದು, ಅವಳದೇ ತಲೆಯಲ್ಲಿ ಹುಟ್ಟಿದ್ದು. ಅವಳಿಗೆ ಅದರಲ್ಲಿ ಖುಷಿಯೂ ಇತ್ತು, ಸುಳ್ಳೇಕೆ ಹೇಳಬೇಕು?

ಅವಳ ಓರಗಿತ್ತಿಯೂ ಅಲ್ಲೇ ಉಪ್ಪು ತುಂಬುವವಳು, ಮೈದುನನ ಹೆಂಡತಿ. ಏಳು ವರ್ಷದ ಹಿಂದೆ ಮೈದುನ ಹಾಸಿಗೆ ಹಿಡಿದಿದ್ದ. ಮೂರು ರಾತ್ರಿ ನಿದ್ದೆಗೆಟ್ಟ ಓರಗಿತ್ತಿಯ ಕೈ ತಪ್ಪಿತು, ಅವಳ ಬುಟ್ಟಿಯಲ್ಲೊಂದು ಮೀನು ಕೆಟ್ಟಿತು. ಮೂಗಿನಕ್ಕ ಸಂಬಂಧ ನೋಡಲಿಲ್ಲ, ಕಟ್ಟಿಸಿದಳು. ಮಧ್ಯಾಹ್ನದ ಹೊತ್ತಿಗೆ ಗಂಡ ಕೊನೆಯುಸಿರು ಎಳೆಯುತ್ತಿದ್ದಾನೆಂದು ಮನೆಯಿಂದ ಸುದ್ದಿ ಬಂತು.

"ಅಕ್ಕ, ಇದನ್ನ ಬಿಚ್ಚಲಾ?" ಎಂದು ಕೇಳಿದಳು ಓರಗಿತ್ತಿ.

ಮೂಗಿನಕ್ಕ ಕಿಟಕಿಯಾಚೆ ಬಿಸಿಲು ನೋಡಿದಳು. "ಇನ್ನೂ ಸಂಜೆ ಆಗಿಲ್ಲ."

ಕೊರಳಲ್ಲಿ ಮೀನು ನೇತುಹಾಕಿಕೊಂಡೇ ಆಕೆ ಗಂಡನ ತಲೆದೆಸೆಯಲ್ಲಿ ಕೂತಳು. ಅವನು ಹೋಗುವಾಗ ನೆಂಟರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ಆಮೇಲೆ ಆಕೆ ಆ ವಿಷಯ ಎತ್ತಲಿಲ್ಲ. ಮೂಗಿನಕ್ಕನ ಗಂಡನೂ ತೀರಿಕೊಂಡ ಮೇಲೆ ಇಬ್ಬರೇ ಆ ಮನೆಯಲ್ಲಿ ಉಳಿದರು. ಒಂದೇ ಒಲೆ, ಒಂದೇ ಬಚ್ಚಲು.

ಹೋದ ಚಳಿಗಾಲದಲ್ಲಿ ಮೂಗಿನಕ್ಕನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಸೀದ ಅನ್ನವಿಲ್ಲ, ಸೋಪಿಲ್ಲ, ಸೀಮೆಎಣ್ಣೆಯಿಲ್ಲ, ಯಾವುದರದ್ದೂ ಸುಳಿವಿಲ್ಲ. ಸ್ಟೂಲು ಹೋದರೆ ಕೆಳಗೆ ಉಪ್ಪುನೀರಿನ ತೊಟ್ಟಿಯ ಹತ್ತಿರ, ತಾನೇ ಮೀನು ಕಟ್ಟಿಸಿದ ಹೆಂಗಸರ ನಡುವೆ ಕೂರಬೇಕು. ಅದಕ್ಕಿಂತ ಸಾಯುವುದೇ ಮೇಲು ಎನಿಸಿತು. ಯಾರಿಗೂ ಹೇಳದೆ ಹೋಗಿ ಸ್ಟೂಲು ಹತ್ತಿದಳು, ಹೆಬ್ಬೆರಳಿನ ಅಂದಾಜಿನ ಮೇಲೆ ದಿನ ತಳ್ಳಿದಳು.

ನಾಲ್ಕನೇ ದಿನ, ಪಕ್ಕದಲ್ಲಿ ಕೂತು ಮೀನಿನ ಮೇಲಿನ ಉಪ್ಪನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ ಓರಗಿತ್ತಿ ತಲೆ ಎತ್ತದೆ ಹೇಳಿದಳು.

"ಅಕ್ಕ, ನೀವು ಈಗ ಪಾಸು ಮಾಡಿದ್ದು ಕೊಳೆತಿದೆ. ನಿಮಗೆ ವಾಸನೆ ಬರ್ತಿಲ್ಲ ಅಲ್ವಾ?"

ಮೂಗಿನಕ್ಕ ಆ ಮೀನನ್ನು ಸರಕ್ಕನೆ ಹಿಂದಕ್ಕೆ ತೆಗೆದಳು. "ಯಾರಿಗೂ ಹೇಳಬೇಡ್ವೇ."

"ನಾನ್ಯಾಕೆ ಹೇಳಲಿ? ಚೆನ್ನಾಗಿದ್ರೆ ಬ್ರಷ್ ಒಂದ್ಸಲ ಕುಟ್ತೀನಿ, ಕೆಟ್ಟಿದ್ರೆ ಎರಡ್ಸಲ. ಯಾರಿಗ್ ಕಡಿಮೆ ವಾಸನೆ, ಯಾರಿಗ್ ಜಾಸ್ತಿ, ಅದನ್ನೂ ಕಣ್ಸನ್ನೇಲಿ ಹೇಳ್ತೀನಿ."

ಮೂರು ತಿಂಗಳು ಹೀಗೇ ನಡೆಯಿತು. ಒಂದು ಸಲವೂ ತಪ್ಪಲಿಲ್ಲ. ಇಷ್ಟಾದರೂ ಮೂಗಿನಕ್ಕ ಮೆತ್ತಗಾದಳೆಂದು ತಿಳಿಯಬೇಡಿ. ನಾಯಿ ಬಾಲ ಡೊಂಕೇ. ಎರಡು ಸಲ ಕುಟ್ಟಿದ ಸದ್ದು ಕೇಳಿಸಿಕೊಂಡು ಒಬ್ಬ ಬಸುರಿಯ ಕೊರಳಿಗೂ ಮೀನು ಕಟ್ಟಿಸಿದಳು. ಅವತ್ತು ಓರಗಿತ್ತಿ ಬ್ರಷ್ಷನ್ನೇ ನೋಡುತ್ತ ತುಂಬ ಹೊತ್ತು ಕೂತಿದ್ದಳು.

ಹಾಲಿನಲ್ಲಿ ಬೇಯಿಸುವವರ ಕಡೆಯ ವ್ಯಾಪಾರಿ ಬರುವ ದಿನ ಬಂತು. ಆ ದೇಶಕ್ಕೆ ಹೋಗುವ ಇಡೀ ವರ್ಷದ ಮಾಲು ಅವನದೇ. ಬೆಳಿಗ್ಗೆಯಿಂದ ಮೂಗಿನಕ್ಕ ಇನ್ನೂರು ಮೀನು ಎತ್ತಿದಳು, ಒತ್ತಿದಳು, ಮೂಗಿಗಿಟ್ಟಳು. ಪ್ರತಿ ಸಲವೂ ಬ್ರಷ್ಷು ಒಂದೇ ಸಲ ಕುಟ್ಟಿತು. ಇಷ್ಟು ಒಳ್ಳೆಯ ಮಾಲು ಬಂದು ವರ್ಷಗಳಾಯಿತಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು.

ಯಜಮಾನ ವ್ಯಾಪಾರಿಯೆದುರು ಮೇಲಿನದೊಂದು ಮೀನು ತೆಗೆದು ಬೆನ್ನು ಮುರಿದ. ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದು ಕರ್ಚೀಫು ತೆಗೆದ. ಇನ್ನೊಂದು ಮುರಿದ, ಮತ್ತೊಂದು ಮುರಿದ. ಶೆಡ್ಡಿನ ಕೊನೆಯಲ್ಲಿದ್ದವರೂ ಮೂಗು ಹಿಡಿದರು. ಹಿಡಿಯದೆ ನಿಂತವಳು ಮೂಗಿನಕ್ಕ ಒಬ್ಬಳೇ. ಅಷ್ಟರಿಂದಲೇ ಎಲ್ಲರಿಗೂ ಗೊತ್ತಾಗಿ ಹೋಯಿತು.

ವ್ಯಾಪಾರಿ ಕಾರು ಹತ್ತಿದ ಮೇಲೆ ಯಜಮಾನ ಕೂಗಾಡಲಿಲ್ಲ. "ಪದ್ಧತಿ ನಿಮ್ದೇ ಅಲ್ವಾ?" ಎಂದಷ್ಟೇ ಹೇಳಿ ಹುರಿ ಕೇಳಿದ. ಹುರಿ ತಂದವಳು ಓರಗಿತ್ತಿ. ಕೂದಲು ಸಿಕ್ಕಿಕೊಳ್ಳದ ಹಾಗೆ ಜಡೆ ಪಕ್ಕಕ್ಕೆ ಸರಿಸಿ, ಗಂಟು ಬಿಗಿದಳು.

"ನಿಮಗೇನು ಕಷ್ಟ ಆಗಲ್ಲ ಬಿಡಿ ಅಕ್ಕ," ಎಂದಳು. "ನಿಮಗೆ ವಾಸನೆ ಬರಲ್ವಲ್ಲ."

ಹೆಂಗಸರು ನಕ್ಕರು. ಬಸುರಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಾಡಿದ್ದುಣ್ಣೋ ಮಹಾರಾಯ ಎಂದು ನಾವೂ ನಗಬಹುದಿತ್ತು, ಕಥೆ ಅಲ್ಲಿಗೇ ಮುಗಿದಿದ್ದರೆ.

ಸಂಜೆ ಮನೆಗೆ ಬಂದವಳೇ ಮೂಗಿನಕ್ಕ ಬಚ್ಚಲಿಗೆ ಹೋದಳು. ಸೋಪು ಹಚ್ಚಿ ಕೊರಳು ತೊಳೆದಳು, ಎದೆ ತೊಳೆದಳು, ತಲೆಗೂ ನೀರು ಹಾಕಿಕೊಂಡಳು. ಅಂಗೈ ಮೂಗಿಗಿಟ್ಟಳು. ಏನೂ ಇಲ್ಲ. ವಾಸನೆ ಹೋಗಿದೆಯೋ ತನಗೆ ತಿಳಿಯುತ್ತಿಲ್ಲವೋ, ಹೇಳುವವರು ಬೇಕಲ್ಲ. ಮನೆಯಲ್ಲಿದ್ದವಳು ಓರಗಿತ್ತಿ ಒಬ್ಬಳೇ.

"ಸ್ವಲ್ಪ ನೋಡೇ," ಎಂದು ಬಾಗಿಲಿಗೆ ಬಂದು ಕೊರಳು ಚಾಚಿದಳು. "ಹೋಯ್ತಾ?"

ಓರಗಿತ್ತಿ ಹತ್ತಿರ ಬಂದು ಬಗ್ಗಿದಳು. ಕಣ್ಣು ಮುಚ್ಚಿ, ಥೇಟ್ ಸ್ಟೂಲಿನ ಮೇಲೆ ಕೂತವರ ಹಾಗೆ ನಿಧಾನವಾಗಿ ಉಸಿರೆಳೆದುಕೊಂಡಳು. ಬರೀ ಸೋಪಿನ ವಾಸನೆಯಿತ್ತು.

"ಇಲ್ಲ ಅಕ್ಕ, ಇನ್ನೂ ಬರ್ತಿದೆ. ಇನ್ನೊಂದ್ಸಲ ತೊಳ್ಕೊಳ್ಳಿ."

ಮೂಗಿನಕ್ಕ ತೊಳೆದುಕೊಂಡಳು. ಅವತ್ತು ಆರು ಸಲ, ಮರುದಿನ ಎಂಟು ಸಲ. ಇವತ್ತಿಗೂ ಕೊರಳ ಚರ್ಮ ಸುಲಿದು ಕೆಂಪಾಗಿದೆ, ಇವತ್ತಿಗೂ ಬಚ್ಚಲ ಬಾಗಿಲಲ್ಲಿ ನಿಂತು ಹೋಯ್ತಾ ಎಂದು ಕೇಳುತ್ತಾಳೆ.